ಹೊಳೆಯ ಸುದ್ದಿ ಮೊದಲು ಬರುವುದು ಠಾಣೆಗೆ

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯವಳು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿದ್ದೇನೆ. ಪರಿಸರದ ವರದಿ ಮಾಡಬೇಕೆಂದು ಮೊದಲಿನಿಂದಲೂ ಆಸೆ. ಈಗ ಒಂದು ಪತ್ರಿಕೆಯಲ್ಲಿ ಕೆಲಸ ಸಿಕ್ಕಿದೆ. ಆದರೆ ‘ಎರಡು ವರ್ಷ ಕ್ರೈಂ ನೋಡಿಕೊಳ್ಳಿ, ಪರಿಸರ ಆಮೇಲೆ ನೋಡೋಣ’ ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಆ ಎರಡು ವರ್ಷ ಹಾಳಾಗುವುದಿಲ್ಲವೇ? ಇದೇ ಭಾಗದಲ್ಲಿದ್ದುಕೊಂಡು ಪರಿಸರ ವರದಿಗಾರ್ತಿ ಆಗಲು ಸಾಧ್ಯವೇ? ಅಪ್ಪನಿಗೆ ನಾನು ಠಾಣೆಗೆ ಅಡ್ಡಾಡುವುದೇ ಇಷ್ಟವಿಲ್ಲ.

ಉತ್ತರ: ತಂಗಿ, ಕ್ರೈಂ ತಗೊಳ್ಳಿ. ಎರಡು ವರ್ಷ ಅಂದಿದ್ದರೆ ಮೂರು ವರ್ಷ ಮಾಡಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಕೆಲಸ ಮಾಡಿದವನು ನಾನು. ಪರಿಸರಕ್ಕೆಂದೇ ಒಬ್ಬ ವರದಿಗಾರನನ್ನು ಇಟ್ಟುಕೊಂಡ ಕಚೇರಿಯನ್ನು ಈ ಭಾಗದಲ್ಲಿ ಕಂಡಿಲ್ಲ. ಬೆಂಗಳೂರಿನವರಿಗೆ ಪರಿಸರವೆಂದರೆ ಕೆರೆಯ ನೊರೆ, ರಸ್ತೆ ಅಗಲಿಸಲು ಕಡಿದ ಮರ. ನಮಗೆ ಉಸುಕು, ಕಬ್ಬು, ಕಲ್ಲು, ಹಿನ್ನೀರು. ಈ ನಾಲ್ಕೂ ಒಂದಲ್ಲ ಒಂದು ದಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಯೇ ಹತ್ತುತ್ತವೆ. ಆ ದಿನ ಅವುಗಳ ಹೆಸರು ಪರಿಸರ ಅಂತ ಇರುವುದಿಲ್ಲ. ಅಪಘಾತ ಅಂತಲೋ, ಕಳವು ಅಂತಲೋ, ಕಾಲು ಜಾರಿ ಬಿದ್ದು ಸಾವು ಅಂತಲೋ ಇರುತ್ತದೆ.

ಇದು ನನಗೆ ತಡವಾಗಿ ಗೊತ್ತಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲಪ್ರಭಾ ದಂಡೆಯ ಒಂದು ಹಳ್ಳಿಯಲ್ಲಿ ಇಬ್ಬರು ಹುಡುಗರು ನೀರು ಪಾಲಾದರು. ದಿನಾ ಸಂಜೆ ಠಾಣೆಗಳಿಗೆ ಫೋನು ಮಾಡಿ ‘ಏನರ ಐತೇನ್ರಿ?’ ಎಂದು ಕೇಳುವುದು ನಮ್ಮ ರೂಢಿ. ಅವರು ಹೇಳಿದರು, ನಾನು ಬರೆದುಕೊಂಡೆ: ‘ಈಜಲು ಹೋದ ಇಬ್ಬರು ಬಾಲಕರ ಸಾವು’. ನಾಲ್ಕು ಸಾಲು, ಒಳಪುಟ. ಮರುವರ್ಷ ಬೇಸಿಗೆಯಲ್ಲಿ ಅದೇ ಊರಿನಲ್ಲಿ ದನ ಮೈತೊಳೆಯಲು ಹೋದವನೊಬ್ಬ ಮುಳುಗಿ ಸತ್ತ. ಮತ್ತೆ ನಾಲ್ಕು ಸಾಲು ಬರೆಯುವವನಿದ್ದೆ. ಆ ಠಾಣೆಯ ದಾಖಲೆ ಬರೆದಿಡುವ ರೈಟರ್ ಒಬ್ಬರು, ನಿವೃತ್ತಿಗೆ ಬಂದಿದ್ದ ಹಿರಿಯರು, ಚಹಾ ಕುಡಿಯುತ್ತಾ, ‘ಸರ, ಬ್ಯಾಸಗ್ಯಾಗ ಆ ಹೊಳ್ಯಾಗ ಮೊಣಕಾಲುದ್ದ ನೀರಿಲ್ಲ. ಮುಣುಗೂದು ಹ್ಯಾಂಗ?’ ಎಂದರು.

ಅಷ್ಟೇ ಅಂದರು. ಮಾರನೇ ದಿನ ಹೋದೆ. ಹೊಳೆಯ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬಹುದಿತ್ತು. ದಂಡೆಯ ಕಡೆ ಮಾತ್ರ ನೀರು ಹಸಿರು ಬಣ್ಣಕ್ಕೆ ತಿರುಗಿ ನಿಂತಿತ್ತು. ಜೊತೆಗೆ ಬಂದ ರೈತರೊಬ್ಬರು ಎತ್ತಿಗೆ ಕಟ್ಟುವ ಹಗ್ಗಕ್ಕೆ ಕಲ್ಲು ಬಿಗಿದು ಇಳಿಬಿಟ್ಟರು. ಹಗ್ಗ ಹೋಗುತ್ತಲೇ ಇತ್ತು, ಎರಡಾಳು ಆಳ. ಅದು ಉಸುಕು ತೆಗೆದ ಕುಣಿ. ಮಳೆಗಾಲದಲ್ಲಿ ನೀರು ತುಂಬಿದರೆ ಅಲ್ಲಿ ಕುಣಿ ಇದೆ ಎಂದು ಯಾರಿಗೂ ಕಾಣದು, ಬೇಸಿಗೆಯಲ್ಲೂ ಅಂಚಿನ ಉಸುಕು ಕಾಲಿಟ್ಟರೆ ಒಳಗೆ ಜಾರುತ್ತದೆ. ಊರಿನವರು ಅದಕ್ಕೆ ‘ಸುಳಿ’ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಸುಳಿ ಎಳೆದುಕೊಂಡಿತು ಅಂದರೆ ಯಾರ ಮೇಲೂ ತಪ್ಪು ಬರುವುದಿಲ್ಲ ನೋಡಿ.

ಇಂಥ ಸಾವು ಠಾಣೆಯಲ್ಲಿ ಯುಡಿಆರ್ ಆಗಿ ದಾಖಲಾಗುತ್ತದೆ, ಅಸಹಜ ಸಾವಿನ ವರದಿ. ಹಿಂದೆ ಅದಕ್ಕೆ ಅಪರಾಧ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 174ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 194. ಸತ್ತದ್ದು ಹೇಗೆ, ಯಾರ ಮೇಲಾದರೂ ಸಂಶಯ ಇದೆಯೇ ಎಂದು ನೋಡುತ್ತಾರೆ. ಮನೆಯವರು ಇಲ್ಲವೆಂದರೆ ಕಡತ ಮುಗಿಯಿತು. ಕುಣಿ ತೋಡಿದವರು ಯಾರು ಎಂಬ ಪ್ರಶ್ನೆಗೆ ಆ ಫಾರ್ಮಿನಲ್ಲಿ ಜಾಗವೇ ಇಲ್ಲ. ಆ ರೈಟರ್ ಹಳೆಯ ರಿಜಿಸ್ಟರುಗಳನ್ನು ಮುಂದೆ ಇಟ್ಟರು. ಒಂದು ಮಧ್ಯಾಹ್ನ ಪೂರ್ತಿ ಕೂತು ನೀರಿನಲ್ಲಿ ಸತ್ತವರ ತಾರೀಕು, ವಯಸ್ಸು, ಜಾಗ ಇಳಿಸಿಕೊಂಡೆ. ಆಮೇಲೆ ಜಾಗಗಳನ್ನು ತಾಲ್ಲೂಕಿನ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದೆ. ಚುಕ್ಕೆಗಳು ಹೊಳೆಯುದ್ದಕ್ಕೂ ಚೆಲ್ಲಿಕೊಳ್ಳಲಿಲ್ಲ, ಉಸುಕಿನ ದಾರಿ ಹೊಳೆಗೆ ಇಳಿಯುವ ಕಡೆಗಳಲ್ಲೇ ಗುಂಪುಗೂಡಿದವು. ನನ್ನ ಮೊದಲ ಪರಿಸರ ವರದಿ ಅದು. ಅದಕ್ಕೆ ಬೇಕಾದದ್ದೆಲ್ಲ ಕ್ರೈಂ ಬೀಟ್‌ನಲ್ಲೇ ಸಿಕ್ಕಿತ್ತು.

ಹಾಗಾಗಿ ‘ಎರಡು ವರ್ಷ ಹಾಳು’ ಎಂಬ ಮಾತು ಬಿಡಿ. ಕ್ರೈಂ ಕಲಿಸುವ ದೊಡ್ಡ ವಿದ್ಯೆ ಕಾಗದ ಓದುವುದು. ಎಫ್‌ಐಆರ್, ಪಂಚನಾಮೆ, ದೋಷಾರೋಪ ಪಟ್ಟಿ, ಜಾಮೀನು ಆದೇಶ. ಪಂಚನಾಮೆಯನ್ನು ಬೇಸರವಿಲ್ಲದೆ ಓದಿ. ಅದರಲ್ಲಿ ದಿಕ್ಕು, ಅಳತೆ, ಯಾರ ಹೊಲದ ಬದು, ದಾರಿಯಿಂದ ಎಷ್ಟು ದೂರ ಎಲ್ಲ ಇರುತ್ತದೆ. ಎಫ್‌ಐಆರ್‌ಗೆ ಈಗ ಯಾರ ಕಾಲೂ ಹಿಡಿಯಬೇಕಿಲ್ಲ. ದಾಖಲಾದ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಆದರೂ ಠಾಣೆಗೆ ಹೋಗಿ. ವೆಬ್‌ಸೈಟು ‘ಮುಣುಗೂದು ಹ್ಯಾಂಗ’ ಎಂದು ಕೇಳುವುದಿಲ್ಲ.

ಉಸುಕಿನ ವಿಷಯದಲ್ಲಿ ಕಲಂ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ನೀವು ಭೀಮಾ ದಂಡೆಯವರು, ಟ್ರ್ಯಾಕ್ಟರ್ ಹಿಡಿದರು ಎಂಬ ಸುದ್ದಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಪೊಲೀಸರು ಕೊಟ್ಟ ಫೋಟೊ, ಹಿಂದೆ ಟ್ರ್ಯಾಕ್ಟರ್, ಮುಂದೆ ಸಾಲಾಗಿ ನಿಂತ ಸಿಬ್ಬಂದಿ. ಅದನ್ನೇ ಅಚ್ಚು ಹಾಕಿದರೆ ನೀವು ಪ್ರೆಸ್ ನೋಟ್ ಹಂಚುವವರು. ಕೇಳಬೇಕಾದದ್ದು ಇಷ್ಟು: ದಂಡ ಕಟ್ಟಿಸಿಕೊಂಡು ಬಿಟ್ಟರೋ, ಕಳವು ಎಂದು ಕೇಸು ಹಾಕಿದರೋ, ಗಣಿ ಕಾಯ್ದೆ ಹಚ್ಚಿದರೋ? ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಓದಲು ಚೆನ್ನಾಗಿದೆ. ಆದರೆ 22ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿ ಲಿಖಿತ ದೂರು ಕೊಡದ ಹೊರತು ಕೋರ್ಟು ಅದನ್ನು ವಿಚಾರಣೆಗೆ ತಗೊಳ್ಳುವಂತಿಲ್ಲ. ಪೊಲೀಸರು ತಾವಾಗಿಯೇ ಹಾಕಿದ ಕೇಸು ಇಲ್ಲೇ ಉರುಳುತ್ತದೆ. ಕಳವಿನ ಕಲಮಿಗೆ ಈ ತೊಡಕಿಲ್ಲ. ಹೊಳೆಯ ಉಸುಕು ಸರ್ಕಾರದ ಸ್ವತ್ತು, ಕದ್ದರೆ ಕಳವೇ, ಪೊಲೀಸರು ನೇರವಾಗಿ ಕೇಸು ಹಾಕಬಹುದು ಎಂದು 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ದಂಡ ಸಂಹಿತೆ ಐಪಿಸಿಯ 379, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನ 303. ಯಾವ ಗಾಡಿಗೆ ಯಾವ ಕಲಂ ಎಂಬುದರಲ್ಲೇ ಅರ್ಧ ಸುದ್ದಿ ಇರುತ್ತದೆ.

ಇನ್ನರ್ಧ ಗಾಡಿಯ ನಂಬರಿನಲ್ಲಿ. ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ಹಿಡಿದ ಪ್ರತಿ ಗಾಡಿಯ ನಂಬರು ಬರೆದಿಡುತ್ತಿದ್ದೆ. ಕೋರ್ಟಿನಿಂದ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡು ಹೋದದ್ದು ಮತ್ತೆ ಬೇರೆ ಠಾಣೆಯಲ್ಲಿ ಸಿಕ್ಕಿಬಿದ್ದರೆ ಪುಟ ತಿರುವಿದ ಕೂಡಲೇ ಗೊತ್ತಾಗುತ್ತಿತ್ತು. ಲೆಕ್ಕಕ್ಕೆ ಬ್ರಾಸ್ ಗೊತ್ತಿರಲಿ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಉಸುಕು ಸಾಗಿಸುವ ಪರವಾನಗಿ ಪಾಸ್ ಇದ್ದ ಗಾಡಿಯಾದರೆ ಪಾಸಿನಲ್ಲಿ ಎಷ್ಟಿದೆ, ಟ್ರಾಲಿಯಲ್ಲಿ ಎಷ್ಟಿದೆ, ಯಾವ ಹೊತ್ತಿಗೆ ಕೊಟ್ಟದ್ದು, ಒಂದೇ ಪಾಸ್ ಎಷ್ಟು ಸಲ ಓಡಾಡಿತು, ನೋಡಿ.

ಸಕ್ಕರೆ ಕಾರ್ಖಾನೆಗಳ ವಿಷಯಕ್ಕೆ ಬರುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಘಟಪ್ರಭಾ ಹೊಳೆಯಲ್ಲಿ ಒಂದು ಬೇಸಿಗೆ ಮೀನು ಸತ್ತು ತೇಲಿದವು. ನಸುಕಿನಲ್ಲೇ ಹೋಗಿದ್ದೆ. ಬಾಂದಾರದ ಒಡ್ಡಿನ ಹಿಂದೆ ನಿಂತ ನೀರು ಚಹಾ ಡಿಕಾಕ್ಷನ್ ಬಣ್ಣ, ಕೊಳೆತ ಬೆಲ್ಲದ ವಾಸನೆ. ಇನ್ನೂ ಜೀವವಿದ್ದ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮೇಲುಗಡೆ ಒಂದೇ ಡಿಸ್ಟಿಲರಿ. ಇನ್ನೇನು ಬೇಕು? ನೀರಿನ ಬಾಟಲಿಯಲ್ಲಿ ಹೊಳೆನೀರು ತುಂಬಿಸಿಕೊಂಡೆ, ಪರಿಚಯದ ಕಾಲೇಜು ಉಪನ್ಯಾಸಕರೊಬ್ಬರಿಂದ ಪರೀಕ್ಷೆ ಮಾಡಿಸಿದೆ, ಕಾರ್ಖಾನೆಯ ಹೆಸರು ಹಾಕಿ ಮುಖಪುಟಕ್ಕೆ ಬರೆದೆ. ಎಂಟೇ ದಿನಕ್ಕೆ ವಕೀಲರ ನೋಟಿಸು. ನನ್ನ ಬಾಟಲಿಯ ನೀರನ್ನು ಕೇಳುವವರಿಲ್ಲ. ಜಲ ಕಾಯ್ದೆ 1974ರ 21ನೇ ಕಲಂ ಪ್ರಕಾರ ಮಾದರಿ ತೆಗೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯವರು. ಕಾರ್ಖಾನೆಯವರಿಗೆ ಅಲ್ಲೇ ನೋಟಿಸು ಕೊಟ್ಟು, ಅವರೆದುರೇ ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಅದಲ್ಲದ ನೀರು ಕೋರ್ಟಿನಲ್ಲಿ ಬರೀ ನೀರು. ಪತ್ರಿಕೆ ಸ್ಪಷ್ಟೀಕರಣ ಹಾಕಿತು. ನನ್ನ ಬರಹ ಸುಳ್ಳಾಗಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಅದು ನನ್ನ ನಂಬಿಕೆ ಅಷ್ಟೆ, ನನ್ನ ಹತ್ತಿರ ಪುರಾವೆ ಇರಲಿಲ್ಲ.

ಈಗ ಅದೇ ದೃಶ್ಯ ಕಂಡರೆ ಬೇರೆ ರೀತಿ ಕೆಲಸ ಮಾಡುತ್ತೇನೆ. ಮೊದಲು ಮೀನು ನೋಡುತ್ತೇನೆ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಡಿಸ್ಟಿಲರಿಯಲ್ಲಿ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್‌ವಾಶ್ ಹೊಳೆಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರು ಕಟ್ಟಿ ಸಾಯುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ನಸುಕಿನ ಹೊತ್ತಿಗೆ ಅದು ತೀರಾ ಕಡಿಮೆ. ಹೀಗೆ ಸಾಯುವಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು, ಗಾಳಿ ನುಂಗಿ ಬದುಕಬಲ್ಲ ಕೊರವದಂಥ ಮೀನು ಉಳಿಯುತ್ತದೆ. ಸಣ್ಣದು ದೊಡ್ಡದು ಎನ್ನದೆ ಎಲ್ಲ ಒಟ್ಟಿಗೆ ಹೋಗಿದ್ದರೆ ವಿಷದ ಸಂಶಯ, ಹೊಲದ ಔಷಧಿಯೂ ಇರಬಹುದು. ಊರ ಗಟಾರದ ನೀರಿನಿಂದಲೂ ಆಮ್ಲಜನಕ ಇಳಿಯುತ್ತದೆ, ಮರೆಯಬೇಡಿ. ಅಲ್ಲಿಂದಲೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋನು ಮಾಡಿ, ಮಾದರಿ ತೆಗೆಯಲು ಯಾವಾಗ ಬರುತ್ತೀರಿ ಎಂದು ಕೇಳಿ, ಕೇಳಿದ ಹೊತ್ತು ಬರೆದಿಟ್ಟುಕೊಳ್ಳಿ. ಅವರು ಎಷ್ಟು ಹೊತ್ತಿಗೆ ಬಂದರು ಎಂಬುದೇ ಒಂದು ಸುದ್ದಿ. ಪ್ರಯೋಗಾಲಯದ ವರದಿಯನ್ನು ಆರ್‌ಟಿಐನಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಶುಲ್ಕ 10 ರೂಪಾಯಿ. ಹೊಸಬರು ಪ್ರಬಂಧ ಬರೆದು ತಿರಸ್ಕಾರ ಮಾಡಿಸಿಕೊಳ್ಳುತ್ತಾರೆ. ಅದೇ ಕಾಯ್ದೆಯ 2(ಜೆ)ಯಲ್ಲಿ ಕಡತ ನೋಡುವ, ಕಾಮಗಾರಿ ನೋಡುವ ಹಕ್ಕಿನ ಜೊತೆ ದೃಢೀಕರಿಸಿದ ವಸ್ತುಮಾದರಿ ಪಡೆಯುವ ಹಕ್ಕೂ ಇದೆ. ಬಳಸಿದವರು ಕಡಿಮೆ.

ಕಾರ್ಖಾನೆ ವಿಸ್ತರಣೆಯ ಸಾರ್ವಜನಿಕ ಅಹವಾಲು ಸಭೆಗಳನ್ನು ತಪ್ಪಿಸಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ವಿಡಿಯೊ ಆಗಬೇಕು. ಪೂರ್ತಿ ವರದಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇರುತ್ತದೆ, ಇಂಗ್ಲಿಷಿನಲ್ಲಿ, ನೂರಾರು ಪುಟ. ನೀರು ಎಲ್ಲಿಂದ ತರುತ್ತಾರೆ, ಬೂದಿ ಎಲ್ಲಿ ಹಾಕುತ್ತಾರೆ, ಈ ಎರಡು ಅಧ್ಯಾಯ ಓದಿಕೊಂಡು ಹೋದರೂ ಆ ಮಂಟಪದಲ್ಲಿ ಹೆಚ್ಚು ತಿಳಿದವರು ನೀವೇ. ವರದಿಗಾರರು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಎದ್ದ ಕೂಡಲೇ ಏಳುತ್ತಾರೆ. ನೀವು ಕುಳಿತಿರಿ. ಮೈಕು ಬಂದ್ ಆದ ಮೇಲೆ ಹೆಣ್ಣುಮಕ್ಕಳು ಬಾಯಿಬಿಡುತ್ತಾರೆ, ಬಟ್ಟೆ ಒಣಹಾಕಿದರೆ ಕರಿ ಬೂದಿ ಕೂರುತ್ತದೆ ಎಂಬುದನ್ನು ಮೊದಲು ಹೇಳುವವರು ಅವರೇ. ಈ ವಿಷಯದಲ್ಲಿ ನಮ್ಮಂಥ ಗಂಡಸರಿಗಿಂತ ನಿಮ್ಮ ದಾರಿ ಸಲೀಸು.

ಬರೆದದ್ದರಿಂದ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪತ್ರಿಕೆ ನೋಡಿ ತಾನಾಗಿಯೇ ಪ್ರಕರಣ ಎತ್ತಿಕೊಳ್ಳಬಹುದು ಎಂದು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಮ್ಮ ಪಾಲಿನ ಪೀಠ ಚೆನ್ನೈಯಲ್ಲಿ. ನಿಮ್ಮ ತುಣುಕು ಅಲ್ಲಿಗೆ ಹೋದಾಗ ಅದರಲ್ಲಿ ಊರು, ಸರ್ವೆ ನಂಬರು, ತಾರೀಕು ಇದ್ದರೆ ಕೆಲಸಕ್ಕೆ ಬರುತ್ತದೆ. ‘ಜನರ ಆಕ್ರೋಶ’ ಎಂಬ ಶೀರ್ಷಿಕೆಯಿಂದ ಚೆನ್ನೈಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

ಲೆಕ್ಕ ಬರಬೇಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಇದು ಬಾಯಿಪಾಠವಿದ್ದರೆ ಪ್ರವಾಹದ ದಿನ ಅಣೆಕಟ್ಟೆಯವರು ಕೊಟ್ಟ ಒಳಹರಿವು, ಹೊರಹರಿವು, ಸಂಗ್ರಹ ಮೂರೂ ಹೊಂದುತ್ತವೆಯೇ ಎಂದು ಅಲ್ಲೇ ಕೂಡಿಸಿ ಕಳೆಯಬಹುದು. 2019ರ ಆಗಸ್ಟಿನಲ್ಲಿ ರಾಮದುರ್ಗ, ಗೋಕಾಕ, ಮುಧೋಳ ನೀರಿನಲ್ಲಿದ್ದಾಗ ನಮ್ಮಲ್ಲಿ ಬಹಳ ಜನ ಬೋಟಿನಲ್ಲಿ ಫೋಟೊ ತೆಗೆಸಿಕೊಂಡರು. ಯಾವ ಗೇಟು ಎಷ್ಟು ಗಂಟೆಗೆ ಎತ್ತಿದರು ಎಂದು ಬರೆದಿಟ್ಟವರು ಕೆಲವರೇ. ನಿಮ್ಮ ಭೀಮೆಗೆ ಉಜನಿ ಅಣೆಕಟ್ಟೆ ನೋಡಿ, ಅದು ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ ನೀರು ಬಿಟ್ಟ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಮೊದಲು ಬರುತ್ತದೆ. ಮರಾಠಿ ಓದಲು ಕಲಿಯಿರಿ. ಗಡಿಯಲ್ಲಿ ಕೂತು ಮರಾಠಿ ಬಾರದ ವರದಿಗಾರ ಒಂದು ದಿನ ಹಿಂದಿರುತ್ತಾನೆ.

ಹಿನ್ನೀರಿನ ಬಗ್ಗೆ ನಾನು ನಿಷ್ಪಕ್ಷಪಾತಿ ಅಲ್ಲ. ಹಳೆ ಬಾಗಲಕೋಟೆಯಲ್ಲಿ ನಮ್ಮ ಮನೆ ಆಲಮಟ್ಟಿ ನೀರಿಗೆ ಹೋಯಿತು, ಈಗ ನವನಗರದಲ್ಲಿದ್ದೇನೆ. 519.60 ಮೀಟರ್ ಇರುವ ಜಲಾಶಯದ ಮಟ್ಟವನ್ನು 524.256ಕ್ಕೆ ಏರಿಸುವ ಸುದ್ದಿ ಬಂದಾಗಲೆಲ್ಲ ನನಗೆ ಎಕರೆ, ಪರಿಹಾರ ಎರಡಕ್ಕಿಂತ ಮೊದಲು ನಮ್ಮ ಹಿತ್ತಲಿನ ಬೇವಿನಗಿಡ ನೆನಪಾಗುತ್ತದೆ. ಅದಕ್ಕೇ ಆ ವಿಷಯದ ವರದಿಗಳನ್ನು ಇನ್ನೊಬ್ಬರಿಗೆ ತೋರಿಸಿ ಕಳಿಸುತ್ತಿದ್ದೆ.

ಕಾಡು, ಪ್ರಾಣಿಗಳ ಸುದ್ದಿ ನಿಮ್ಮ ಕಡೆ ಕಡಿಮೆ, ಖಾನಾಪುರದ ಕಡೆ ಹೆಚ್ಚು. 2011ರಲ್ಲಿ ವನ್ಯಧಾಮವಾದ ಭೀಮಗಡ, ಮಹದಾಯಿಯ ಹುಟ್ಟು, ಬಾರಾಪೇಡೆ ಗುಹೆಯ ಅಪರೂಪದ ಬಾವಲಿ, ಒಮ್ಮೆ ಹೋಗಿ ಬನ್ನಿ. ಬೀಳಗಿ, ಮುಧೋಳದ ನಡುವೆ ಯಡಹಳ್ಳಿಯ ಚಿಂಕಾರ ಎಂಬ ಸಣ್ಣ ಹುಲ್ಲೆಯ ಧಾಮವಿದೆ. ಪ್ರಾಣಿ ಸುದ್ದಿಯಲ್ಲಿ ಗಾಳಿಮಾತು ಜಾಸ್ತಿ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆ ಕಂಡು ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಆಗ ನನ್ನ ಫೋನಿಗೆ ಬಂದ ವಿಡಿಯೊಗಳಲ್ಲಿ ಒಂದರಲ್ಲಿ ಚಿರತೆಯ ಹಿಂದೆ ತೆಂಗಿನ ತೋಟ, ಬೋರ್ಡಿನಲ್ಲಿ ತಮಿಳು ಅಕ್ಷರ. ಕಳಿಸಿದವರು ಒಬ್ಬ ವರದಿಗಾರರೇ.

ಅಪಾಯದ ಮಾತಿಗೆ ಬರೋಣ. ಇಲ್ಲ ಎಂದು ಹೇಳಿದರೆ ನಿಮ್ಮ ಅಪ್ಪನಿಗೆ ಸುಳ್ಳು ಹೇಳಿದಂತೆ. 2018ರ ಮಾರ್ಚಿನಲ್ಲಿ ಮಧ್ಯಪ್ರದೇಶದ ಭಿಂಡ್‌ನಲ್ಲಿ ಉಸುಕು ದಂಧೆ ಬಯಲಿಗೆಳೆದಿದ್ದ ಟಿವಿ ವರದಿಗಾರರೊಬ್ಬರು ಲಾರಿ ಹರಿದು ಸತ್ತರು. ನಾನು ಪಾಲಿಸಿದ ನಿಯಮ ಹೇಳುತ್ತೇನೆ. ರಾತ್ರಿ ಉಸುಕಿನ ದಾರಿಗೆ ಒಬ್ಬನೇ ಹೋಗಲಿಲ್ಲ. ಕುಣಿ ನೋಡಬೇಕೆಂದರೆ ಹಗಲು ನೋಡಬಹುದು, ಅದು ಎಲ್ಲಿಗೂ ಓಡುವುದಿಲ್ಲ. ಈಗಂತೂ ಉಪಗ್ರಹ ಚಿತ್ರ ಇದೆ. ಯುರೋಪಿನ ಸೆಂಟಿನೆಲ್ ಉಪಗ್ರಹದ್ದು ಪುಕ್ಕಟೆ, ಐದು ದಿನಕ್ಕೊಮ್ಮೆ ಹೊಸದು. ಹೋಗುವ ಮೊದಲು ಡೆಸ್ಕಿನಲ್ಲಿ ಒಬ್ಬರಿಗೆ ಜಾಗ ಹೇಳಿ. ಒಂದು ಸಾಕ್ಷ್ಯ ನಿಮ್ಮೊಬ್ಬರ ಫೋನಿನಲ್ಲಿ ಮಾತ್ರ ಇರುವಷ್ಟು ದಿನ ಆ ಫೋನಿಗೂ ನಿಮಗೂ ಅಪಾಯ, ಎರಡನೇ ಕಡೆ ಕಳಿಸಿದ ಮೇಲೆ ಕಡಿಮೆ. ದಂಧೆಯವರ ಜೊತೆ ಚಹಾ ಕುಡಿಯಬಹುದು, ಬಿಲ್ಲು ನೀವು ಕೊಡಿ.

ನನ್ನ ಅನುಭವದಲ್ಲಿ ಲಾರಿಗಿಂತ ಹೆಚ್ಚು ಸುದ್ದಿ ಕೊಂದದ್ದು ಜಾಹೀರಾತು. ಕಾರ್ಖಾನೆಯ ಹಂಗಾಮು ಶುರುವಾಗುವ ದಿನದ ಪೂರ್ತಿ ಪುಟ, ಧಣಿಗಳ ಹುಟ್ಟುಹಬ್ಬದ ಅರ್ಧ ಪುಟ. ತಾಲ್ಲೂಕಿನ ಅರೆಕಾಲಿಕ ವರದಿಗಾರರು ಹಲವರು ಜಾಹೀರಾತಿನ ಕಮಿಷನ್ ಮೇಲೆಯೇ ಬದುಕುವವರು. ಅವರನ್ನು ಬೈಯಬೇಡಿ. ಆದರೆ ಕೆಲಸ ಒಪ್ಪುವ ಮೊದಲು ಒಂದು ಮಾತು ಬಿಡಿಸಿ ಕೇಳಿ: ಜಾಹೀರಾತು ತರುವ ಜವಾಬ್ದಾರಿ ನನ್ನ ಮೇಲೆ ಇರುತ್ತದೆಯೇ? ಹೌದು ಅಂದರೆ ಬೇರೆ ಪತ್ರಿಕೆ ನೋಡಿ, ಸಂಬಳ ಒಂದಿಷ್ಟು ಕಡಿಮೆಯಾದರೂ ಸರಿ.

ಕ್ರೈಂ ಬರೆಯುವಾಗ ಒಂದು ವಿಷಯದಲ್ಲಿ ಮಾತ್ರ ತಪ್ಪಲೇಬೇಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಎನ್‌ಎಸ್ 72ರ ಪ್ರಕಾರ, ಲೈಂಗಿಕ ಅಪರಾಧಕ್ಕೆ ಒಳಗಾದ ಮಕ್ಕಳ ಗುರುತು ಪೋಕ್ಸೊ ಕಾಯ್ದೆಯ 23ರ ಪ್ರಕಾರ ಹೊರಬರಬಾರದು. ಹೆಸರು ಬಿಟ್ಟು ‘ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯವರ ಮಗಳು’ ಎಂದು ಬರೆದರೆ ಊರಿಗೆ ಊರೇ ಗುರುತಿಸುತ್ತದೆ.

ಅಪ್ಪನನ್ನು ಒಮ್ಮೆ ಠಾಣೆಗೆ ಕರೆದುಕೊಂಡು ಹೋಗಿ. ಈಗ ಅಲ್ಲಿ ಮಹಿಳಾ ಸಿಬ್ಬಂದಿಯೂ ಇದ್ದಾರೆ, ಕುರ್ಚಿ ಹಾಕುತ್ತಾರೆ. ಪೊಲೀಸ್ ಸ್ಟೇಷನ್ ಅಂದರೆ ಅವರ ಕಣ್ಣಿಗೆ ಲಾಕಪ್ಪು ಕಾಣುತ್ತಿರಬಹುದು, ನಿಮ್ಮ ಕೆಲಸ ಇರುವುದು ರೈಟರ್ ಟೇಬಲ್ಲಿನ ಹತ್ತಿರ.

ಸೇರಿದ ಮೊದಲ ವಾರವೇ ಭೀಮಾ ದಂಡೆಯ ನಿಮ್ಮ ಠಾಣೆಗೆ ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ಆ ಹೊತ್ತು ಗಲಾಟೆ ಕಡಿಮೆ. ಯುಡಿಆರ್ ರಿಜಿಸ್ಟರ್ ಅಂತ ಕೇಳಿದರೆ ಸಾಹೇಬರನ್ನು ಕೇಳಬೇಕು ಅನ್ನುತ್ತಾರೆ. ‘ಹೊಳ್ಯಾಗ ಬಿದ್ದು ಹ್ವಾದವರದ್ದು ನೋಡಬೇಕಾಗಿತ್ತರಿ’ ಅನ್ನಿ. ಇಷ್ಟು ವರ್ಷ ಯಾರೂ ಕೇಳಿಲ್ಲವಾದ್ದರಿಂದ ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ ತೆಗೆದುಕೊಡುತ್ತಾರೆ. ಪೆನ್ಸಿಲ್ ಮರೆಯಬೇಡಿ.